ಡಿಸ್ಕಿನಿಂದ ಪ್ರತಿಮಾಡಿದ ಕಡತಗಳಿಗೆ ಅಂಟಿಬರುವ ‘ಓದಲು ಮಾತ್ರ’ ಎಂಬ ನಿರ್ಬಂಧ: ಕಾರಣ, ಪರಿಹಾರ ಮತ್ತು ಎಚ್ಚರಿಕೆ

ಹಸ್ತಪ್ರತಿಗಳ ಛಾಯಾಪ್ರತಿಗಳನ್ನು ಸಿ.ಡಿ. ಅಥವಾ ಡಿ.ವಿ.ಡಿ.ಗಳ ರೂಪದಲ್ಲಿ ಪಡೆದು ಅಧ್ಯಯನ ಮಾಡುತ್ತಿರುವ ವಿದ್ವಾಂಸರಲ್ಲಿ ಅನೇಕರು ಒಂದು ತೊಡಕನ್ನು ಪದೇ ಪದೇ ಹೇಳಿಕೊಳ್ಳುವುದುಂಟು. ಡಿಸ್ಕಿನಲ್ಲಿರುವ ಕಡತಗಳನ್ನು ತಮ್ಮ ಗಣಕಯಂತ್ರಕ್ಕೆ ಪ್ರತಿಮಾಡಿಕೊಂಡು, ಲಿಪ್ಯಂತರದಲ್ಲಿ ಕಂಡ ದೋಷವನ್ನು ತಿದ್ದಿ ಉಳಿಸಲು ಹೊರಟರೆ, ಕಡತವು ‘ರೀಡ್-ಓನ್ಲಿ’, ಎಂದರೆ ಓದಲು ಮಾತ್ರ ಎಂದು ಯಂತ್ರವು ತಿದ್ದುಪಡಿಯನ್ನು ನಿರಾಕರಿಸುತ್ತದೆ. ಇಡೀ ದಿನ ಕುಳಿತು ಪಾಠಾಂತರಗಳನ್ನು ಗುರುತಿಸಿದವರು ಸಂಜೆ ಅವುಗಳನ್ನು ಉಳಿಸಲಾಗದೆ ಕಳೆದುಕೊಂಡ ಪ್ರಸಂಗಗಳೂ ಇವೆ. ಪ್ರಕೃತ ಲೇಖನದಲ್ಲಿ ಈ ನಿರ್ಬಂಧವು ಎಲ್ಲಿಂದ ಬರುತ್ತದೆ, ಅದನ್ನು ಕಳಚುವ ಬಗೆ ಹೇಗೆ, ಯಾವ ಕಡತಗಳಲ್ಲಿ ಅದನ್ನು ಕಳಚಲೇಬಾರದು ಎಂಬ ಮೂರು ವಿಷಯಗಳನ್ನು ಯಥಾಮತಿ ನಿರೂಪಿಸಲಾಗಿದೆ. ಇವುಗಳಲ್ಲಿ ಕೊನೆಯದೇ ಮುಖ್ಯವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವಾದ ನಮ್ಮದೇ ಒಂದು ಪ್ರಮಾದವನ್ನು ಮುಂದೆ ನಿವೇದಿಸಿದ್ದೇವೆ.

1. ಡಿಸ್ಕುಗಳ ಪರಂಪರೆ

ಭಾರತ ಸರ್ಕಾರವು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿದ ಮೇಲೆ ಓಲೆಗರಿಗಳ ಛಾಯಾಗ್ರಹಣಕ್ಕೆ ದೇಶದಲ್ಲೆಲ್ಲ ವೇಗ ಬಂದಿತು. ಆ ದಿನಗಳಲ್ಲಿ ಛಾಯಾಪ್ರತಿಗಳನ್ನು ಡಿಸ್ಕುಗಳಿಗೆ ತುಂಬಿ ಭಂಡಾರಗಳಿಗೆ ಒಪ್ಪಿಸುವುದೇ ವಾಡಿಕೆಯಾಗಿತ್ತು. ಒಂದು ಲೆಕ್ಕವನ್ನು ಗಮನಿಸಬಹುದು. 18 ಅಂಗುಲ ಉದ್ದ, 2 ಅಂಗುಲ ಅಗಲದ ಓಲೆಯೊಂದನ್ನು ಅಂಗುಲಕ್ಕೆ 300 ಬಿಂದುಗಳಂತೆ ಬಣ್ಣದಲ್ಲಿ ಚಿತ್ರಿಸಿದರೆ, ಉದ್ದಕ್ಕೆ 5400, ಅಗಲಕ್ಕೆ 600 ಬಿಂದುಗಳಾಗುತ್ತವೆ. ಬಿಂದುವೊಂದಕ್ಕೆ 3 ಬೈಟುಗಳಂತೆ ಒಂದು ಮುಖಕ್ಕೆ 97 ಲಕ್ಷ 20 ಸಾವಿರ ಬೈಟುಗಳು, ಅಂದರೆ ಸುಮಾರು 9.7 ಮೆಗಾಬೈಟು. 200 ಓಲೆಗಳ ಕಟ್ಟೊಂದಕ್ಕೆ ಎರಡೂ ಮುಖಗಳು ಸೇರಿ 400 ಚಿತ್ರಗಳು. ಒಟ್ಟು ಸುಮಾರು 3,900 ಮೆಗಾಬೈಟು. ಇದು 700 ಮೆಗಾಬೈಟಿನ ಸಿ.ಡಿ.ಗಳಲ್ಲಿ ಆರನ್ನು ಬೇಡುತ್ತದೆ, 4.7 ಗಿಗಾಬೈಟಿನ ಡಿ.ವಿ.ಡಿ.ಯಾದರೆ ಒಂದರಲ್ಲಿಯೇ ಅಡಗುತ್ತದೆ. ಆದುದರಿಂದಲೇ ನಮ್ಮ ಭಂಡಾರಗಳ ಕಪಾಟುಗಳಲ್ಲಿ ಇಂದಿಗೂ ಡಿಸ್ಕುಗಳ ಸಾಲುಗಳಿವೆ. ಈಗಿನ ಗಣಕಯಂತ್ರಗಳಲ್ಲಿ ಡಿಸ್ಕು ಓದುವ ಸಾಧನವೇ ಇಲ್ಲದಿರುವುದರಿಂದ, ಪ್ರತ್ಯೇಕ ಸಾಧನವನ್ನು ಜೋಡಿಸಿ ಅವುಗಳನ್ನು ಹಾರ್ಡ್ ಡಿಸ್ಕಿಗೆ ಪ್ರತಿಮಾಡಿಕೊಳ್ಳುವ ಕಾರ್ಯ ಈಗ ಎಲ್ಲೆಡೆ ನಡೆಯುತ್ತಿದೆ. ಅದರೊಡನೆ ಮೇಲೆ ಹೇಳಿದ ತೊಡಕೂ ಮತ್ತೆ ತಲೆಯೆತ್ತಿದೆ.

2. ನಿರ್ಬಂಧದ ಮೂಲ

ಈ ವಿಷಯದಲ್ಲಿ ನಮಗೆ ಮೊದಲ ತಿಳಿವನ್ನು ಕೊಟ್ಟವನು ಆನೇಕಲ್ ತಾಲ್ಲೂಕಿನ ಜಿಗಣಿಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಗಣಕಯಂತ್ರಗಳ ನಿರ್ವಹಣೆಯನ್ನು ನೋಡಿಕೊಳ್ಳುವ ಒಬ್ಬ ತರುಣ ಶ್ರಾವಕ. ಡಿಸ್ಕುಗಳ ಗಂಟನ್ನು ಹೊತ್ತು ಅವನ ಮನೆಗೆ ಹೋಗಿ, “ಏನಪ್ಪಾ, ಈ ಕಡತಗಳಿಗೆ ಯಾರು ಬೀಗ ಹಾಕಿದರು?” ಎಂದು ಕೇಳಿದೆವು. “ಯಾರೂ ಹಾಕಿಲ್ಲ ಪಂಡಿತರೇ, ಡಿಸ್ಕಿನ ಸ್ವಭಾವವನ್ನೇ ಅವು ಜೊತೆಯಲ್ಲಿ ಹೊತ್ತು ತಂದಿವೆ” ಎಂದನು. ವಿಷಯದ ಸಾರವೆಲ್ಲ ಈ ಮಾತಿನಲ್ಲಿಯೇ ಇದೆ.

ಒಮ್ಮೆ ಬರೆದು ಮುಗಿಸಿದ ಸಿ.ಡಿ.ಯ ಮೇಲೆ ಅಕ್ಷರವನ್ನು ಅಳಿಸಿ ಬರೆಯಲು ಬರುವುದಿಲ್ಲ. ಕಂಠದಿಂದ ಕೊರೆದ ಓಲೆಯಂತೆ ಅದು ಸ್ಥಿರವಾದುದು. ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸುವ ಕ್ರಮಕ್ಕೆ 1988ರಲ್ಲಿ ‘ಐ.ಎಸ್.ಒ. 9660’ ಎಂಬ ಅಂತರರಾಷ್ಟ್ರೀಯ ಮಾನಕವು ಪ್ರಕಟವಾಯಿತು. ಅದರ ಮೂಲರೂಪದಲ್ಲಿ ಕಡತದ ಹೆಸರಿಗೆ ಎಂಟು ಅಕ್ಷರ, ಅದರ ಬಾಲಕ್ಕೆ ಮೂರು ಅಕ್ಷರಗಳಷ್ಟೇ ಅವಕಾಶ. ನಮ್ಮ ಹಳೆಯ ಡಿಸ್ಕುಗಳಲ್ಲಿ ಗ್ರಂಥದ ಹೆಸರಿರದೆ ಬರಿಯ ಸಂಕೇತಾಕ್ಷರಗಳೂ ಅಂಕಿಗಳೂ ಕಾಣುವುದು ಇದರಿಂದ. ಉದ್ದ ಹೆಸರುಗಳಿಗಾಗಿ ಮೈಕ್ರೋಸಾಫ್ಟ್ ಸಂಸ್ಥೆಯು ‘ಜೋಲಿಯೆಟ್’ ಎಂಬ ವಿಸ್ತರಣೆಯನ್ನೂ, ಯುನಿಕ್ಸ್ ವರ್ಗದ ಯಂತ್ರಗಳಲ್ಲಿನ ಒಡೆತನ ಮತ್ತು ಅನುಮತಿಗಳನ್ನು ದಾಖಲಿಸಲು ಇತರರು ‘ರಾಕ್ ರಿಜ್’ ಎಂಬ ವಿಸ್ತರಣೆಯನ್ನೂ ಮುಂದೆ ಸೇರಿಸಿದರು.

ಡಿಸ್ಕಿನ ಮೇಲಿನ ಕಡತವನ್ನು ಬದಲಿಸಲು ಸಾಧ್ಯವಿಲ್ಲವೆಂಬ ಸಂಗತಿಯನ್ನು ಯಂತ್ರವು ಆ ಕಡತದ ಒಂದು ಗುಣವೆಂದು ತೋರಿಸುತ್ತದೆ. ಪ್ರತಿಮಾಡುವಾಗ ವಸ್ತುವಿನೊಡನೆ ಗುಣವೂ ಪ್ರತಿಯಾದರೆ, ಬರೆಯಲು ಬರುವ ಹಾರ್ಡ್ ಡಿಸ್ಕಿನ ಮೇಲೆ ಕುಳಿತಮೇಲೂ ಕಡತವು ‘ಓದಲು ಮಾತ್ರ’ ಎಂಬ ಚಿಹ್ನೆಯನ್ನು ಧರಿಸಿಕೊಂಡೇ ಇರುತ್ತದೆ. ಆಧಾರವು ಬದಲಾದರೂ ಉಪಾಧಿಯು ಕಳಚಲಿಲ್ಲ ಎಂದು ಇದನ್ನು ತಿಳಿಯಬಹುದು.

ವಿಂಡೋಸ್ 95, 98ರ ಕಾಲದಲ್ಲಿ ಹೀಗೆ ಚಿಹ್ನೆಯು ಅಂಟಿಬರುವುದು ಸಾಮಾನ್ಯವಾಗಿತ್ತು. ಇತ್ತೀಚಿನ ವಿಂಡೋಸಿನಲ್ಲಿ ಕಡತಗಳನ್ನು ಮೌಸಿನಿಂದ ಎಳೆದು ಪ್ರತಿಮಾಡಿದರೆ ಬಹುಮಟ್ಟಿಗೆ ಅದು ತಾನಾಗಿ ಕಳಚುತ್ತದೆ. ಹಾಗಾದರೆ ಈಗಲೂ ತೊಡಕೇಕೆ ಎಂದರೆ, ಕಾರಣಗಳು ಎರಡು. ಹಿಂದೆ ಒಮ್ಮೆ ಹಾರ್ಡ್ ಡಿಸ್ಕಿಗೆ ಇಳಿದ ಕಡತಗಳು ಅಲ್ಲಿಂದ ಮತ್ತೊಂದಕ್ಕೆ, ಅಲ್ಲಿಂದ ಪೆನ್ ಡ್ರೈವಿಗೆ ಹೀಗೆ ಕೈಬದಲಾಗುತ್ತ ಬಂದಾಗ ಹಳೆಯ ಚಿಹ್ನೆಯು ಜೊತೆಯಲ್ಲಿಯೇ ಸಾಗಿಬರುತ್ತದೆ. ಎರಡನೆಯದಾಗಿ, ‘ರೋಬೊಕಾಪಿ’ಯಂತಹ ಸಾಧನಗಳು ಗುಣಗಳನ್ನೂ ಉಳಿಸಿಕೊಂಡೇ ಪ್ರತಿಮಾಡುತ್ತವೆ. ಲಿನಕ್ಸ್ ಯಂತ್ರಗಳಲ್ಲಂತೂ ರಾಕ್ ರಿಜ್ ವಿಸ್ತರಣೆಯುಳ್ಳ ಡಿಸ್ಕಿನಿಂದ ಪ್ರತಿಮಾಡಿದಾಗ ಈ ತೊಡಕು ಇಂದಿಗೂ ಯಥಾಸ್ಥಿತಿಯಲ್ಲಿದೆ.

3. ಪರಿಹಾರ: ವಿಂಡೋಸ್ ಯಂತ್ರಗಳಲ್ಲಿ

ಮೊದಲು ಒಂದು ಮಾತು. ಡಿಸ್ಕಿನ ಮೇಲೆಯೇ ಇರುವ ಕಡತದ ಚಿಹ್ನೆಯನ್ನು ಕಳಚಲು ಯಾವ ಉಪಾಯವೂ ಇಲ್ಲ. ಹಾಗೆ ಯತ್ನಿಸಿ ಬೇಸತ್ತವರನ್ನು ನಾವು ಕಂಡಿದ್ದೇವೆ. ಕಡತಗಳನ್ನು ಹಾರ್ಡ್ ಡಿಸ್ಕಿಗೆ ಪ್ರತಿಮಾಡಿಕೊಂಡ ಮೇಲೆಯೇ ಮುಂದಿನ ಕ್ರಮ.

ಒಂದೇ ಕಡತವಾದರೆ, ಅದರ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ‘ಪ್ರಾಪರ್ಟೀಸ್’ ಎಂಬುದನ್ನು ತೆರೆಯಬೇಕು. ‘ಜನರಲ್’ ಎಂಬ ಪುಟದ ಕೆಳಭಾಗದಲ್ಲಿ ‘ರೀಡ್-ಓನ್ಲಿ’ ಎಂದಿರುವ ಚೌಕದೊಳಗಣ ಗುರುತನ್ನು ತೆಗೆದು ‘ಓಕೆ’ ಒತ್ತಿದರೆ ಸಾಕು. ಇಡೀ ಫೋಲ್ಡರಿಗೆ ಹೀಗೆಯೇ ಮಾಡಿದಾಗ, ಬದಲಾವಣೆಯು ಈ ಫೋಲ್ಡರಿಗೆ ಮಾತ್ರವೋ, ಒಳಗಿನ ಉಪಫೋಲ್ಡರು ಮತ್ತು ಕಡತಗಳಿಗೂ ಅನ್ವಯಿಸಬೇಕೋ ಎಂದು ಯಂತ್ರವು ಕೇಳುತ್ತದೆ. ಎರಡನೆಯದನ್ನು ಆರಿಸಬೇಕು. ಇಲ್ಲೊಂದು ಭ್ರಾಂತಿಗೆ ಆಸ್ಪದವಿದೆ. ಗುರುತನ್ನು ತೆಗೆದು ಮತ್ತೆ ಬಂದು ನೋಡಿದರೆ ಫೋಲ್ಡರಿನ ಚೌಕವು ಪುನಃ ತುಂಬಿಕೊಂಡಿರುವುದು ಕಾಣುತ್ತದೆ; ಮಾಡಿದ ಕೆಲಸ ವ್ಯರ್ಥವಾಯಿತೆಂದು ಅನೇಕರು ತಿಳಿಯುತ್ತಾರೆ. ವಸ್ತುತಃ ಫೋಲ್ಡರಿನ ಮಟ್ಟಿಗೆ ವಿಂಡೋಸ್ ಈ ಚಿಹ್ನೆಯನ್ನು ಬೇರೊಂದು ಉದ್ದೇಶಕ್ಕೆ ಬಳಸುತ್ತದೆ. ತುಂಬಿದ ಚೌಕವು ನಿರ್ಬಂಧದ ಸೂಚನೆಯಲ್ಲ. ಒಳಗಿನ ಕಡತವೊಂದರ ಪ್ರಾಪರ್ಟೀಸನ್ನು ತೆರೆದು ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ.

ಸಾವಿರಾರು ಕಡತಗಳಿದ್ದರೆ ಆಜ್ಞಾರೂಪದ ಮಾರ್ಗವು ಸುಲಭ. ‘ಕಮಾಂಡ್ ಪ್ರಾಂಪ್ಟ್’ ತೆರೆದು, ಸಂಬಂಧಪಟ್ಟ ಫೋಲ್ಡರಿನೊಳಕ್ಕೆ ಹೋಗಿ, ಈ ಆಜ್ಞೆಯನ್ನು ರೋಮನ್ ಲಿಪಿಯಲ್ಲಿ ಬರೆಯಬೇಕು:

ಅಟ್ರಿಬ್ -ಆರ್ *.* /ಎಸ್ /ಡಿ

ಮೊದಲ ಪದವು ಎ, ಟಿ, ಟಿ, ಆರ್, ಐ, ಬಿ ಎಂಬ ಆರು ಅಕ್ಷರಗಳದು. ಗುಣವೆಂಬ ಅರ್ಥದ ಇಂಗ್ಲಿಷ್ ಪದದ ಸಂಕ್ಷೇಪ. ಋಣಚಿಹ್ನೆಯೊಡನೆ ಇರುವ ಆರ್ ಅಕ್ಷರವು ‘ಓದಲು ಮಾತ್ರ’ ಎಂಬ ಗುಣವನ್ನು ತೆಗೆಯೆಂದು ಹೇಳುತ್ತದೆ. ಧನಚಿಹ್ನೆಯನ್ನಿಟ್ಟರೆ ಅದೇ ಗುಣವನ್ನು ಸೇರಿಸುತ್ತದೆ. ನಕ್ಷತ್ರಚಿಹ್ನೆಗಳು ಎಲ್ಲ ಕಡತಗಳೆಂಬುದನ್ನೂ, ಎಸ್ ಅಕ್ಷರವು ಒಳಗಿನ ಉಪಫೋಲ್ಡರುಗಳಲ್ಲಿನ ಕಡತಗಳನ್ನೂ, ಡಿ ಅಕ್ಷರವು ಫೋಲ್ಡರುಗಳನ್ನೂ ಒಳಗೊಳ್ಳುವುದನ್ನು ಸೂಚಿಸುತ್ತವೆ. ಆಜ್ಞೆಯನ್ನು ಕೊಡುವ ಮುನ್ನ ತಾವು ಯಾವ ಫೋಲ್ಡರಿನಲ್ಲಿದ್ದೇವೆಂಬುದನ್ನು ಎರಡು ಬಾರಿ ನೋಡಿಕೊಳ್ಳುವುದು ಅವಶ್ಯ.

4. ಪರಿಹಾರ: ಲಿನಕ್ಸ್ ಯಂತ್ರಗಳಲ್ಲಿ

ಲಿನಕ್ಸಿನಲ್ಲಿ ಅನುಮತಿಯ ವಿಚಾರವು ಹೆಚ್ಚು ವಿಸ್ತೃತವಾಗಿದೆ. ಪ್ರತಿಯೊಂದು ಕಡತಕ್ಕೂ ಒಡೆಯ, ಗುಂಪು, ಇತರರು ಎಂದು ಮೂರು ವರ್ಗದವರು. ಪ್ರತಿಯೊಂದು ವರ್ಗಕ್ಕೂ ಓದುವ, ಬರೆಯುವ, ನಡೆಸುವ ಎಂಬ ಮೂರು ಅನುಮತಿಗಳು. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂದು ಅಂಕಗಳಿದ್ದು, ಅವುಗಳ ಮೊತ್ತದಿಂದ ಅನುಮತಿಯನ್ನು ಗುರುತಿಸುತ್ತಾರೆ. ಡಿಸ್ಕಿನಿಂದ ಬಂದ ಕಡತಗಳಲ್ಲಿ ಸಾಮಾನ್ಯವಾಗಿ 444 ಎಂದಿರುತ್ತದೆ. ಮೂರೂ ವರ್ಗದವರು ಓದಬಹುದು, ಒಬ್ಬರೂ ಬರೆಯಲಾರರು ಎಂದರ್ಥ. ಫೋಲ್ಡರುಗಳಲ್ಲಿ 555 ಎಂದಿರುತ್ತದೆ. ಫೋಲ್ಡರಿನ ವಿಷಯದಲ್ಲಿ ನಡೆಸುವ ಅನುಮತಿಯೆಂದರೆ ಒಳಹೊಗುವ ಅನುಮತಿ. ಆದ್ದರಿಂದ 555 ಎಂದಿರುವ ಫೋಲ್ಡರಿನೊಳಗೆ ಹೋಗಬಹುದು, ನೋಡಬಹುದು, ಆದರೆ ಹೊಸ ಕಡತವನ್ನು ಸೇರಿಸಲೂ ಇರುವುದನ್ನು ತೆಗೆಯಲೂ ಬರುವುದಿಲ್ಲ. ಕಡತವನ್ನು ಅಳಿಸುವ ಅಧಿಕಾರವು ಆ ಕಡತದ ಅನುಮತಿಯನ್ನಲ್ಲದೆ ಅದನ್ನು ಒಳಗೊಂಡ ಫೋಲ್ಡರಿನ ಅನುಮತಿಯನ್ನು ಅವಲಂಬಿಸಿದೆಯೆಂಬುದು ಇಲ್ಲಿ ವಿಶೇಷವಾಗಿ ಗಮನಾರ್ಹ.

‘ಕೆಲಸ’ ಎಂಬ ಹೆಸರಿನ ಫೋಲ್ಡರಿಗೆ ಪ್ರತಿಮಾಡಿಕೊಂಡಿದ್ದೇವೆಂದು ಭಾವಿಸಿದರೆ, ಆಜ್ಞೆಯು ಹೀಗೆ:

ಚ್‌ಮೋಡ್ -ಆರ್ ಯು+ಡಬ್ಲ್ಯು ಕೆಲಸ

ಮೊದಲ ಪದದ ಅಕ್ಷರಗಳು ಸಿ, ಎಚ್, ಎಂ, ಒ, ಡಿ. ಇಲ್ಲಿನ ಆರ್ ಅಕ್ಷರವು ದೊಡ್ಡಕ್ಷರವಾಗಿರಬೇಕು, ಒಳಗಿನದೆಲ್ಲಕ್ಕೂ ಅನ್ವಯಿಸು ಎಂದು ಅದರ ಅರ್ಥ. ವಿಂಡೋಸಿನ ಆರ್ ಅಕ್ಷರಕ್ಕೂ ಇದಕ್ಕೂ ಸಂಬಂಧವಿಲ್ಲ. ಯು ಎಂದರೆ ಒಡೆಯ, ಡಬ್ಲ್ಯು ಎಂದರೆ ಬರೆಯುವ ಅನುಮತಿ, ಇವೆರಡೂ ಸಣ್ಣಕ್ಷರಗಳು. ಇದರಿಂದ ಕಡತಗಳು 644 ಎಂದೂ ಫೋಲ್ಡರುಗಳು 755 ಎಂದೂ ಆಗುತ್ತವೆ. ಒಡೆಯನು ಬರೆಯಬಹುದು, ಉಳಿದವರು ಓದಬಹುದು.

ಕೆಲವರು ಬೇಸರದಿಂದ 777 ಎಂಬ ಅಂಕವನ್ನು ಎಲ್ಲಕ್ಕೂ ಕೊಡುವರು. ಇದು ಯಾರು ಬೇಕಾದರೂ ತಿದ್ದಲಿ, ಅಳಿಸಲಿ ಎಂದು ಭಂಡಾರದ ಬಾಗಿಲನ್ನು ತೆಗೆದಿಟ್ಟಂತೆ. ಅಲ್ಲದೆ ಚಿತ್ರಕಡತಗಳಿಗೂ ನಡೆಸುವ ಅನುಮತಿ ನಿರರ್ಥಕವಾಗಿ ಸೇರುತ್ತದೆ. ಸರ್ವಥಾ ತ್ಯಾಜ್ಯ. ಪ್ರತಿಮಾಡಿದವನು ಯಂತ್ರದ ಮುಖ್ಯಾಧಿಕಾರಿಯಾದ ‘ರೂಟ್’ ಆಗಿದ್ದರೆ ಒಡೆತನವು ಅವನ ಹೆಸರಿನಲ್ಲಿಯೇ ಉಳಿಯುತ್ತದೆ. ಆಗ ‘ಚೌನ್’ ಎಂಬ ಆಜ್ಞೆಯಿಂದ ಒಡೆತನವನ್ನು ಅಧ್ಯಯನಕಾರನಿಗೆ ವರ್ಗಾಯಿಸಬೇಕು.

5. ಇದೇ ಲಕ್ಷಣದ ಬೇರೆ ದೋಷಗಳು

ಜ್ವರವೊಂದೇ ಆದರೂ ನಿದಾನವು ಹಲವು. ತಿದ್ದಲಾಗದ ಕಡತಗಳೆಲ್ಲ ಡಿಸ್ಕಿನ ಚಿಹ್ನೆಯಿಂದಲೇ ಬಾಧಿತವೆಂದು ತಿಳಿಯಬಾರದು. ಒಂದು, ಕಡತವನ್ನು ಪ್ರತಿಮಾಡದೆ ಡಿಸ್ಕಿನಿಂದಲೇ ನೇರವಾಗಿ ತೆರೆದಿರಬಹುದು. ಆಗ ಬೇರೆ ಸ್ಥಳದಲ್ಲಿ, ಬೇರೆ ಹೆಸರಿನಲ್ಲಿ ಉಳಿಸಬೇಕು. ಎರಡು, ಜಾಲಬಂಧದ ಮೂಲಕ ಅದೇ ಕಡತವನ್ನು ಇನ್ನೊಬ್ಬರು ತೆರೆದಿಟ್ಟುಕೊಂಡಿರಬಹುದು. ಅವರು ಮುಚ್ಚುವವರೆಗೆ ಕಾಯಬೇಕು. ಮೂರು, ಹಳೆಯ ಯಂತ್ರದ ಹಾರ್ಡ್ ಡಿಸ್ಕನ್ನು ತೆಗೆದು ಹೊಸದಕ್ಕೆ ಜೋಡಿಸಿದಾಗ ಕಡತಗಳ ಒಡೆತನವು ಹಳೆಯ ಯಂತ್ರದ ಬಳಕೆದಾರನ ಹೆಸರಿನಲ್ಲಿರುತ್ತದೆ; ಆಗ ಬರುವ ಸೂಚನೆಯು ‘ಪ್ರವೇಶ ನಿರಾಕೃತ’ ಎಂಬರ್ಥದ್ದು. ಅದಕ್ಕೆ ಅಟ್ರಿಬ್ ಆಜ್ಞೆಯಿಂದ ಫಲವಿಲ್ಲ. ‘ಸೆಕ್ಯುರಿಟಿ’ ಪುಟದಲ್ಲಿ ಒಡೆತನವನ್ನು ಬದಲಿಸಬೇಕು. ಯಂತ್ರವು ತೋರಿಸುವ ಸೂಚನೆಯನ್ನು ಅಕ್ಷರಶಃ ಬರೆದುಕೊಳ್ಳುವ ಅಭ್ಯಾಸವಿದ್ದರೆ ನಿದಾನವು ಸುಲಭ. ಪಾಠವನ್ನು ಯಥಾವತ್ ಬರೆದುಕೊಳ್ಳುವುದು ನಮಗೆ ಹೊಸತೇನೂ ಅಲ್ಲ.

6. ನಿರ್ಬಂಧವನ್ನು ಕಳಚಬಾರದ ಸ್ಥಳ

ಈಗ ನಮ್ಮ ಪ್ರಮಾದದ ಮಾತು. ಬಸದಿಯೊಂದರ ಭಂಡಾರದ ಓಲೆಕಟ್ಟಿನ ಛಾಯಾಪ್ರತಿಗಳು ನಮ್ಮಲ್ಲಿ ಡಿಸ್ಕುಗಳ ರೂಪದಲ್ಲಿದ್ದವು. ಅವುಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿ, ಮೇಲೆ ಹೇಳಿದ ಆಜ್ಞೆಯನ್ನು ಕಲಿತ ಉತ್ಸಾಹದಲ್ಲಿ, ಲಿಪ್ಯಂತರದ ಕಡತಗಳಿಗಷ್ಟೇ ಸಾಲದೆಂದು ಛಾಯಾಚಿತ್ರಗಳಿಗೂ ಸೇರಿಸಿ ಒಮ್ಮೆಗೇ ನಿರ್ಬಂಧವನ್ನು ಕಳಚಿದೆವು. ಬೇರೆ ಪ್ರತಿಯನ್ನು ಇಟ್ಟುಕೊಂಡಿರಲಿಲ್ಲ. ನಮ್ಮ ಸಹಾಯಕನು ಚಿತ್ರಗಳು ಓರೆಯಾಗಿವೆಯೆಂದು ಒಂದೊಂದನ್ನೇ ನೆಟ್ಟಗೆ ಮಾಡಿ, ಅಂಚುಗಳನ್ನು ಕತ್ತರಿಸಿ, ಅದೇ ಹೆಸರಿನಲ್ಲಿ ಉಳಿಸುತ್ತ ಹೋದನು. ಅವನದು ಸದುದ್ದೇಶವೇ. ಆದರೆ ಎಡದ ಅಂಚಿನೊಡನೆ ಅಲ್ಲಿದ್ದ ಪತ್ರಸಂಖ್ಯೆಗಳೂ ಕತ್ತರಿಸಿ ಹೋದವು. ತಿಳಿದ ಕೂಡಲೇ ಡಿಸ್ಕುಗಳನ್ನು ತೆಗೆದು ಮತ್ತೆ ಇಳಿಸಿಕೊಂಡೆವು. ಒಂದು ಡಿಸ್ಕು ಮಾತ್ರ ಅರ್ಧದ ಮೇಲೆ ಓದಲು ಬರಲಿಲ್ಲ. ಮೂಲದ ಓಲೆಗಳನ್ನು ನೋಡೋಣವೆಂದು ಭಂಡಾರಕ್ಕೆ ಹೋದರೆ, ನಡುವಣ ವರ್ಷಗಳಲ್ಲಿ ಅವುಗಳ ಅಂಚುಗಳೇ ಉದುರಿದ್ದವು. ಹನ್ನೊಂದು ಓಲೆಗಳ ಪತ್ರಸಂಖ್ಯೆಯು ಹೀಗೆ ಲೋಪವಾಯಿತು. ಅವುಗಳ ಅನುಕ್ರಮವನ್ನು ಈಗ ವಿಷಯದ ಸಂಬಂಧದಿಂದ ಊಹಿಸುತ್ತಿದ್ದೇವೆ. ಎರಡು ಓಲೆಗಳ ಸ್ಥಾನ ಇನ್ನೂ ಸಂದಿಗ್ಧವಾಗಿಯೇ ಇದೆ.

ಬರೆಯಬಲ್ಲ ಡಿಸ್ಕುಗಳಲ್ಲಿ ಬೆಳಕಿನ ಕಿರಣದಿಂದ ಗುರುತು ಮೂಡುವುದು ಒಂದು ಬಣ್ಣದ ಪದರದ ಮೇಲೆ. ಅದು ಬಿಸಿಲು, ಸೆಕೆ, ತೇವಗಳಿಂದ ಕೆಡತಕ್ಕದ್ದು. ‘ಓದಲು ಮಾತ್ರ’ ಎಂಬ ನಿರ್ಬಂಧವು ಮನುಷ್ಯನ ಕೈಯಿಂದ ಕಡತವನ್ನು ಕಾಪಾಡುತ್ತದೆಯೇ ಹೊರತು ಕಾಲದ ಕೈಯಿಂದಲ್ಲ. ಆದರೆ ಮನುಷ್ಯನ ಕೈಯಿಂದ ಕಾಪಾಡುವುದೂ ಸಣ್ಣ ಉಪಕಾರವಲ್ಲ.

ಮೂಲವು ಅವಿಕೃತವಾಗಿ ಉಳಿಯುವುದರ ಬೆಲೆಯನ್ನು ನಮ್ಮ ಪರಂಪರೆಯೇ ಬಲ್ಲದು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿನ ಧವಲಾದಿ ಸಿದ್ಧಾಂತಗ್ರಂಥಗಳ ಓಲೆಗರಿಗಳು ಬಹುಕಾಲ ದರ್ಶನಕ್ಕೆ ಮಾತ್ರ ಲಭ್ಯವಾಗಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯ ಆರಂಭವಾಗಿ, ಪ್ರತಿಯಿಂದ ಪ್ರತಿಯಾಗಿ ಗ್ರಂಥವು ಹೊರಗೆ ಹರಡಿತು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾಟೀಕಾಸಹಿತ ಷಟ್ಖಂಡಾಗಮದ ಪ್ರಥಮ ಸಂಪುಟವು 1939ರಲ್ಲಿ ಪ್ರಕಟವಾದುದು ಇಂತಹ ಪ್ರತಿಗಳ ಆಧಾರದಿಂದ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದವು ಆ ಪ್ರತಿಗಳಲ್ಲಿ ಇರಲಿಲ್ಲ. ಅದು ಅಲ್ಲಿರಬೇಕೆಂದು ಸಂಪಾದಕರು ಊಹಿಸಿದರು. ಮುಂದೆ ಮೂಡಬಿದಿರೆಯ ಓಲೆಗರಿಯಲ್ಲಿ ಆ ಪದವು ದೊರೆಯಿತು. ಆ ಒಂದು ಪದದ ಮೇಲೆ ನಡೆದ ಸೈದ್ಧಾಂತಿಕ ಚರ್ಚೆಯು ವಿದ್ವಾಂಸರಿಗೆ ತಿಳಿದುದೇ ಆಗಿದೆ. ಇಲ್ಲಿ ಅದರ ವಿಮರ್ಶೆ ಪ್ರಸ್ತುತವಲ್ಲ. ಯಾರ ತಿದ್ದುಪಡಿಗೂ ಒಳಗಾಗದ ಮಾತೃಕೆಯೊಂದು ಉಳಿದಿದ್ದರಿಂದಲೇ ಆ ಪಾಠವನ್ನು ಮರಳಿ ನೋಡಲು ಸಾಧ್ಯವಾಯಿತೆಂಬುದಷ್ಟೇ ನಮಗಿಲ್ಲಿ ಬೇಕಾದುದು.

7. ಅನುಸರಿಸತಕ್ಕ ಕ್ರಮ

ಮೇಲಿನ ಅನುಭವದಿಂದ ನಾವು ರೂಢಿಸಿಕೊಂಡ ಕ್ರಮವನ್ನು ಸಂಗ್ರಹವಾಗಿ ನಿವೇದಿಸುತ್ತೇವೆ.

ಮೊದಲನೆಯದಾಗಿ, ಡಿಸ್ಕಿನಿಂದ ಇಳಿಸಿದುದನ್ನು ‘ಮಾತೃಕೆ’ ಎಂಬ ಫೋಲ್ಡರಿನಲ್ಲಿ ಇರಿಸಿ, ಅದರ ನಿರ್ಬಂಧವನ್ನು ಹಾಗೆಯೇ ಉಳಿಸಬೇಕು. ಪ್ರತಿಮಾಡುವಾಗ ಅದು ತಾನಾಗಿ ಕಳಚಿದ್ದರೆ ಧನಚಿಹ್ನೆಯ ಆಜ್ಞೆಯಿಂದ ಮತ್ತೆ ಹಾಕಬೇಕು.

ಎರಡನೆಯದಾಗಿ, ಮಾತೃಕೆಯಿಂದ ‘ಕೆಲಸ’ ಎಂಬ ಬೇರೊಂದು ಫೋಲ್ಡರಿಗೆ ಪ್ರತಿಮಾಡಿ, ಅಲ್ಲಿ ಮಾತ್ರ ನಿರ್ಬಂಧವನ್ನು ಕಳಚಬೇಕು. ಓರೆ ತಿದ್ದುವುದು, ಅಂಚು ಕತ್ತರಿಸುವುದು, ಲಿಪ್ಯಂತರದ ಶೋಧನೆ ಎಲ್ಲವೂ ಅಲ್ಲಿಯೇ ನಡೆಯಲಿ.

ಮೂರನೆಯದಾಗಿ, ಮಾತೃಕೆಯ ಪ್ರತಿಯೊಂದು ಕಡತಕ್ಕೂ ‘ಷಾ-256’ ಎಂಬ ಗಣಿತಕ್ರಮದಿಂದ ಮುದ್ರಾಂಕವನ್ನು ತೆಗೆದು ಪಟ್ಟಿಮಾಡಿಡಬೇಕು. ಇದು 64 ಅಕ್ಷರಾಂಕಗಳ ಒಂದು ಸಾಲು. ಕಡತದಲ್ಲಿ ಒಂದು ಬಿಂದು ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ವಿಂಡೋಸಿನಲ್ಲಿ ‘ಸರ್ಟ್‌ಯುಟಿಲ್’, ಲಿನಕ್ಸಿನಲ್ಲಿ ‘ಷಾ256ಸಮ್’ ಎಂಬ ಆಜ್ಞೆಗಳು ಇದನ್ನು ಕೊಡುತ್ತವೆ. ಲಿಪಿಕಾರರು 32 ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ ಪ್ರತಿಯ ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದುದು ಇದೇ ಉದ್ದೇಶದಿಂದ. ಗ್ರಂಥಸಂಖ್ಯೆಯಿಂದ ಲೋಪ ಮತ್ತು ಪ್ರಕ್ಷೇಪಗಳು ತಿಳಿಯುತ್ತಿದ್ದವು. ಮುದ್ರಾಂಕದಿಂದ ಅಕ್ಷರಪಲ್ಲಟವೂ ತಿಳಿಯುತ್ತದೆ.

ನಾಲ್ಕನೆಯದಾಗಿ, ಫೋಲ್ಡರುಗಳ ಹೆಸರಿಗೆ ಮುದ್ರಿತ ಸೂಚಿಯ ಸಂಖ್ಯೆಗಳನ್ನೇ ಬಳಸುವುದು ಲೇಸು. ಮೂಡಬಿದಿರೆ, ಕಾರ್ಕಳ ಮುಂತಾದ ಭಂಡಾರಗಳಿಗೆ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ ಭಾರತೀಯ ಜ್ಞಾನಪೀಠವು 1948ರಲ್ಲಿ ಪ್ರಕಟಿಸಿದ ತಾಡಪತ್ರೀಯ ಗ್ರಂಥಸೂಚಿಯಿರುವಾಗ, ಡಿಸ್ಕು ಮಾಡಿದವರು ಇಟ್ಟ ಎಂಟಕ್ಷರದ ಸಂಕೇತಗಳಿಗೆ ಜೋತುಬೀಳಬೇಕಾಗಿಲ್ಲ. ಆದರೆ ಹಳೆಯ ಸಂಕೇತ ಯಾವುದು, ಹೊಸ ಹೆಸರು ಯಾವುದು ಎಂಬ ಪಟ್ಟಿಯು ಜೊತೆಯಲ್ಲಿರಬೇಕು.

ಐದನೆಯದಾಗಿ, ಮಾತೃಕೆಯ ಪ್ರತಿಗಳು ಕನಿಷ್ಠ ಎರಡು ಬೇರೆ ಬೇರೆ ಊರುಗಳಲ್ಲಿ ಇರಲಿ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ನಮ್ಮಲ್ಲಿ ಮನೆಮಾತು. ಶಾಸ್ತ್ರದಾನವು ಪುಣ್ಯಕಾರ್ಯವಾಗಿರುವಂತೆಯೇ ಶಾಸ್ತ್ರರಕ್ಷಣೆಯ ಉಪಾಯವೂ ಆಗಿದೆ.

ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಭಂಡಾರದ ಕಟ್ಟುಗಳನ್ನು ಬಿಚ್ಚಿ, ಧೂಳು ಕೊಡವಿ, ಪೂಜಿಸಿ, ಹೊಸ ವಸ್ತ್ರದಲ್ಲಿ ಕಟ್ಟಿಡುವ ಸಂಪ್ರದಾಯವಿದೆ. ಆ ದಿನವೇ ಡಿಸ್ಕುಗಳನ್ನೂ ಒಮ್ಮೆ ತೆರೆದು ನೋಡಿ, ಮುದ್ರಾಂಕಗಳನ್ನು ಹೋಲಿಸಿ, ಕೆಡುತ್ತಿರುವುದನ್ನು ಇನ್ನೊಂದಕ್ಕೆ ಪ್ರತಿಮಾಡುವ ಪದ್ಧತಿಯನ್ನು ಭಂಡಾರಗಳವರು ಕೈಗೊಳ್ಳಬೇಕೆಂದು ವಿನಂತಿ. ನಾವು ಕಳೆದುಕೊಂಡ ಹನ್ನೊಂದು ಪತ್ರಸಂಖ್ಯೆಗಳು ಇನ್ನೊಬ್ಬರಿಗೆ ಎಚ್ಚರಿಕೆಯಾದರೆ ಈ ಲೇಖನದ ಶ್ರಮ ಸಾರ್ಥಕ. ಇಲ್ಲಿ ಸ್ಖಾಲಿತ್ಯಗಳಿದ್ದರೆ ಸುಧೀಜನರು ತಿದ್ದಿ ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ.